ಕ್ಯಾನ್ಸರ್ ಇರುವವರ ರಕ್ತದ ಕೊಬ್ಬು ಮತ್ತು ಆಕ್ಸಿಡೇಟಿವ್ ಸ್ಟ್ರೆಸ್: ಲ್ಯಾಬ್ ಕಿಟಕಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದಲ್ಲಿ ರಕ್ತ ಪರೀಕ್ಷೆಯ ಲ್ಯಾಬ್‌ ಕೆಲಸಕ್ಕೆ ಸೇರಿ 19 ವರ್ಷವಾಯಿತು. ರಕ್ತ ತೆಗೆಯುವುದು, ಮೆಷಿನ್‌ಗೆ ಹಾಕುವುದು, ಸಂಜೆ ಕಿಟಕಿಯಲ್ಲಿ ಕೂತು ರಿಪೋರ್ಟ್ ಕೊಡುವುದು, ಎಲ್ಲವನ್ನೂ ಮಾಡಿದ್ದೇನೆ. ನಾನು ಡಾಕ್ಟರ್ ಅಲ್ಲ. ಆದರೆ ಕವರ್ ಬಿಚ್ಚಿದ ತಕ್ಷಣ ಜನ ಕೇಳುವುದು ಕಿಟಕಿಯಲ್ಲಿ ಕೂತವರನ್ನೇ ಅಲ್ವಾ. ಕ್ಯಾನ್ಸರ್ ಇರುವ ಮನೆಗಳಿಂದ ಬರುವವರು ಕೊಬ್ಬಿನ ರಿಪೋರ್ಟ್ ಹಿಡಿದು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಔಷಧಿ ನಿಲ್ಲಿಸುವ, ಬದಲಿಸುವ ಮಾತು ಬಂದಲ್ಲಿ ಮಾತ್ರ ನಿಮ್ಮ ಡಾಕ್ಟರನ್ನೇ ಕೇಳಿ.

ನಮ್ಮಪ್ಪನಿಗೆ ಬಾಯಿ ಕ್ಯಾನ್ಸರ್. ಕೊಲೆಸ್ಟ್ರಾಲ್ 118 ಬಂದಿದೆ. 200ಕ್ಕಿಂತ ಕಡಿಮೆ ಇದ್ದರೆ ಒಳ್ಳೇದೇ ಅಲ್ವಾ ಸಾರ್?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ರಿಪೋರ್ಟ್‌ನ ಬಲಗಡೆ ಅಚ್ಚಾಗಿರುವ '200ರೊಳಗೆ' ಅನ್ನುವ ಸಾಲು ಹೃದಯದ ಕಾಯಿಲೆಯನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಓಡಾಡಿಕೊಂಡಿರುವವರಿಗೆ ಹಾರ್ಟ್ ಅಟ್ಯಾಕ್ ಆಗದಿರಲಿ ಅಂತ ಹಾಕಿದ ಗೆರೆ. ಕ್ಯಾನ್ಸರ್ ಇರುವವರಲ್ಲಿ ಕೊಲೆಸ್ಟ್ರಾಲ್ ಕೆಳಗಿಳಿದರೆ ಆ ಗೆರೆ ನೋಡಿ ಖುಷಿಪಡುವಂತಿಲ್ಲ.

ಯಾಕೆ ಇಳಿಯುತ್ತದೆ? ಕ್ಯಾನ್ಸರ್ ಕಣಗಳು ಬೇಗ ಬೇಗ ಒಡೆದು ಎರಡಾಗುತ್ತವೆ. ಹೊಸ ಕಣಕ್ಕೆ ಹೊಸ ಗೋಡೆ ಬೇಕು. ಆ ಗೋಡೆಗೆ ಕೊಲೆಸ್ಟ್ರಾಲ್ ಬೇಕು. ಹಾಗಾಗಿ ಅನೇಕ ಗಡ್ಡೆಗಳು ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ಓಡಾಡುವ ಎಲ್‌ಡಿಎಲ್ ಅನ್ನು ಎಳೆದುಕೊಳ್ಳುತ್ತವೆ. ಇದು ಒಂದು ಕಾರಣ. ಎರಡನೆಯದು, ಮೈಯಲ್ಲಿ ಒಳಗೊಳಗೇ ಉರಿಯೂತ ಇದ್ದಾಗ ಕೊಬ್ಬನ್ನು ಕಟ್ಟಿ ಕಳಿಸುವ ಲಿವರ್‌ನ ಕೆಲಸ ಏರುಪೇರಾಗುತ್ತದೆ. ಮೂರನೆಯದು ಎಲ್ಲರ ಕಣ್ಣಿಗೂ ಕಾಣುವಂಥದ್ದು: ಬಾಯಲ್ಲಿ ಹುಣ್ಣು, ನುಂಗೋಕೆ ಆಗಲ್ಲ, ಊಟ ಅರ್ಧಕ್ಕೆ ಇಳಿದಿದೆ.

ಅದಕ್ಕೇ 118 ಅಂತ ಬಂದಾಗ ನಾನು ಕೇಳುವುದು ಒಂದೇ: 'ತೂಕ ಎಷ್ಟಿತ್ತು, ಈಗೆಷ್ಟಿದೆ?' ಆರು ತಿಂಗಳಲ್ಲಿ ಶೇ 5ಕ್ಕಿಂತ ಜಾಸ್ತಿ ತೂಕ ತಾನಾಗೇ ಇಳಿದಿದ್ದರೆ ಡಾಕ್ಟರುಗಳು ಅದನ್ನು ಗಂಭೀರವಾಗಿ ತಗೊಳ್ಳುತ್ತಾರೆ. 60 ಕಿಲೋ ಇದ್ದವರಿಗೆ ಅದು ಬರೀ 3 ಕಿಲೋ. ಪಂಚೆ ಉಡುವವರಲ್ಲಿ 3 ಕಿಲೋ ಇಳಿದದ್ದು ಯಾರಿಗೂ ಗೊತ್ತಾಗುವುದೇ ಇಲ್ಲ. ಪ್ಯಾಂಟ್ ಹಾಕುವವರಾದರೆ ಬೆಲ್ಟ್‌ಗೆ ಹೊಸ ತೂತು ಹೇಳುತ್ತದೆ.

ಹಾಗಾದ್ರೆ ಕೊಲೆಸ್ಟ್ರಾಲ್ ಕಡಿಮೆ ಆಗಿದ್ದಕ್ಕೇ ಕ್ಯಾನ್ಸರ್ ಬಂತಾ?

ಇಲ್ಲ. ಕಾಯಿಲೆ ಮೊದಲು, ಇಳಿತ ಆಮೇಲೆ. ಗಡ್ಡೆ ಪತ್ತೆಯಾಗುವ ಮೊದಲೇ ಇಳಿಯಲು ಶುರುವಾಗಿರಬಹುದು, ಅದಕ್ಕೇ ಉಲ್ಟಾ ಕಾಣುತ್ತದೆ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳ ಬಗ್ಗೆಯೂ ಇದೇ ಭಯ ಹಿಂದೆ ಇತ್ತು. ವರ್ಷಗಟ್ಟಲೆ ನಡೆದ ದೊಡ್ಡ ಪರೀಕ್ಷೆಗಳಲ್ಲಿ ಆ ಮಾತ್ರೆಯಿಂದ ಕ್ಯಾನ್ಸರ್ ಹೆಚ್ಚಾದದ್ದು ಕಂಡುಬಂದಿಲ್ಲ.

ಆಕ್ಸಿಡೇಟಿವ್ ಸ್ಟ್ರೆಸ್ ಅಂತ ಬರೆದಿದ್ದಾರೆ. ಅಮ್ಮ ಜಾಸ್ತಿ ಟೆನ್ಷನ್ ಮಾಡ್ಕೊಳ್ತಾರೆ, ಅದಕ್ಕಾ?

ಹೆಸರಿನಿಂದ ಆದ ಎಡವಟ್ಟು ಇದು. ಮನಸ್ಸಿನ ಟೆನ್ಷನ್ ಬೇರೆ, ಇದು ಬೇರೆ. 'ನೀನು ಯೋಚನೆ ಮಾಡಿ ಮಾಡಿ ಕಾಯಿಲೆ ತಂದುಕೊಂಡೆ' ಅಂತ ಅಮ್ಮನನ್ನು ದಯವಿಟ್ಟು ಬೈಯಬೇಡಿ.

ನಾವು ಉಸಿರಾಡುವ ಆಮ್ಲಜನಕ ಬಳಸಿ ಮೈಯ ಬಹುತೇಕ ಕಣಗಳು ಆಹಾರವನ್ನು ಉರಿಸಿ ಶಕ್ತಿ ಮಾಡಿಕೊಳ್ಳುತ್ತವೆ. ಒಲೆ ಉರಿದರೆ ಕಿಡಿ ಹಾರುತ್ತದಲ್ಲ, ಹಾಗೆ ಇಲ್ಲೂ ಸ್ವಲ್ಪ ಕಿಡಿ ಹಾರುತ್ತದೆ. ಅವೇ ಫ್ರೀ ರ‍್ಯಾಡಿಕಲ್‌ಗಳು. ಅವನ್ನು ಆರಿಸಲು ಮೈಯಲ್ಲೇ ವ್ಯವಸ್ಥೆ ಇದೆ. ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಅನ್ನುವ ಕಿಣ್ವ ಮೊದಲ ಕಿಡಿಯನ್ನು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ. 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೊವಿಚ್ ಈ ಕೆಲಸವನ್ನು ಗುರುತಿಸಿದರು. ಮುಂದಿನದನ್ನು ನೀವೇ ನೋಡಿದ್ದೀರಿ. ಗಾಯಕ್ಕೆ ಪೆರಾಕ್ಸೈಡ್ ಹಾಕಿದರೆ ಬುಸ್ಸಂತ ನೊರೆ ಬರುತ್ತದಲ್ಲ, ಅದು ರಕ್ತದ ಕ್ಯಾಟಲೇಸ್ ಕಿಣ್ವ ಪೆರಾಕ್ಸೈಡನ್ನು ಒಡೆದು ನೀರು, ಆಮ್ಲಜನಕ ಮಾಡುತ್ತಿರುವುದು. ಮೈಯೊಳಗೂ ಸದ್ದಿಲ್ಲದೆ ಅದೇ ನಡೆಯುತ್ತಿರುತ್ತದೆ.

ಕಿಡಿ ಜಾಸ್ತಿಯಾಗಿ ಆರಿಸುವವರು ಕಮ್ಮಿಯಾದರೆ ಅದಕ್ಕೆ ಆಕ್ಸಿಡೇಟಿವ್ ಸ್ಟ್ರೆಸ್ ಅಂತ ಹೆಸರು. ಕಿಡಿ ಡಿಎನ್‌ಎಗೂ ತಗಲುತ್ತದೆ, ಪ್ರೋಟೀನಿಗೂ ತಗಲುತ್ತದೆ. ಬೇಗ ಹತ್ತಿಕೊಳ್ಳುವುದು ಮಾತ್ರ ಕೊಬ್ಬು.

ಕೊಬ್ಬಿಗೂ ಅದಕ್ಕೂ ಏನು ಸಂಬಂಧ?

ಪಾವಗಡದ ಕಡಲೆಕಾಯಿಯನ್ನು ಸುಲಿದು ಡಬ್ಬದಲ್ಲಿಟ್ಟು ಮರೆತುಬಿಡಿ. ನಾಲ್ಕು ತಿಂಗಳಾದ ಮೇಲೆ ಮುಚ್ಚಳ ತೆಗೆದರೆ ಕಮಟು ವಾಸನೆ. ಕಡಲೆಕಾಯಿ ಎಣ್ಣೆಗೆ ಗಾಳಿಯ ಆಮ್ಲಜನಕ ತಗಲಿ ಹೀಗಾಗುತ್ತದೆ. ತಿಪಟೂರಿನ ಕೊಬ್ಬರಿ ಅಷ್ಟು ಬೇಗ ಕಮಟುವುದಿಲ್ಲ, ಅದರ ಕೊಬ್ಬಿನ ಜಾತಿಯೇ ಬೇರೆ, ಅದಕ್ಕೆ ಆಮ್ಲಜನಕ ಸುಲಭವಾಗಿ ಅಂಟುವುದಿಲ್ಲ.

ನಮ್ಮ ಕಣಗಳ ಗೋಡೆಯಲ್ಲಿ ಇರುವುದು ಕಡಲೆಕಾಯಿ ಎಣ್ಣೆಯ ಥರ ಬೇಗ ಕೆಡುವ ಕೊಬ್ಬೂ ಸೇರಿದ ಪದರ. ಫ್ರೀ ರ‍್ಯಾಡಿಕಲ್ ತಗಲಿದರೆ ಅದೂ ಒಂದು ಲೆಕ್ಕದಲ್ಲಿ ಕಮಟುತ್ತದೆ. ಒಂದು ಕೊಬ್ಬಿನ ಎಳೆ ಕೆಟ್ಟರೆ ಪಕ್ಕದ್ದನ್ನೂ ಕೆಡಿಸುತ್ತದೆ. ಕೆಟ್ಟ ಮೇಲೆ ಉಳಿಯುವ ಚೂರುಗಳಲ್ಲಿ ಒಂದರ ಹೆಸರು ಮ್ಯಾಲೊನ್‌ಡೈಆಲ್ಡಿಹೈಡ್, ಚಿಕ್ಕದಾಗಿ ಎಂಡಿಎ. ಕ್ಯಾನ್ಸರ್ ಇರುವವರ ರಕ್ತದಲ್ಲಿ ಎಂಡಿಎ ಜಾಸ್ತಿ, ಆರಿಸುವ ಕಿಣ್ವಗಳು ಕಮ್ಮಿ ಅಂತ ಅನೇಕ ಅಧ್ಯಯನಗಳಲ್ಲಿ ಕಂಡಿದೆ.

ತಮಾಷೆ ಏನಂದರೆ, ಎಂಡಿಎ ಅಳೆಯುವ ಹಳೆಯ ವಿಧಾನದಲ್ಲೇ ತಿನ್ನುವ ಎಣ್ಣೆ, ಮಾಂಸ ಕಮಟಾಗಿದೆಯಾ ಅಂತಲೂ ನೋಡುತ್ತಾರೆ. ಥಯೊಬಾರ್ಬಿಟ್ಯುರಿಕ್ ಆಸಿಡ್ ಹಾಕಿ ಕಾಯಿಸಿದರೆ ಗುಲಾಬಿ ಬಣ್ಣ ಬರುತ್ತದೆ. ಆ ಬಣ್ಣವನ್ನು 532 ನ್ಯಾನೊಮೀಟರ್‌ನಲ್ಲಿ ಅಳೆಯುತ್ತಾರೆ. ಕೋರ್ಸ್ ಓದುವಾಗ ಮಾಡಿದ್ದೆ, ಬಣ್ಣ ಚೆಂದ ಇರುತ್ತದೆ.

ಹಾಗಾದ್ರೆ ನಾವೂ ಎಂಡಿಎ ಪರೀಕ್ಷೆ ಮಾಡಿಸಬೇಕಾ?

ಬೇಡ. ಅದು ಸಂಶೋಧನೆ ಮಾಡುವವರ ಪರೀಕ್ಷೆ. ರಕ್ತ ತೆಗೆದ ಮೇಲೆ ಸ್ವಲ್ಪ ಹೊತ್ತು ಹೊರಗಿಟ್ಟರೂ ಅಂಕಿ ಬದಲಾಗಬಹುದು. ಗುಲಾಬಿ ಬಣ್ಣ ಎಂಡಿಎಯಿಂದ ಮಾತ್ರ ಬರುವುದೂ ಅಲ್ಲ. ಒಂದು ಲ್ಯಾಬ್‌ನ ಅಂಕಿಯನ್ನು ಇನ್ನೊಂದು ಲ್ಯಾಬ್‌ನ ಅಂಕಿಯ ಪಕ್ಕ ಇಡುವ ಹಾಗಿಲ್ಲ. ಬಂದ ಅಂಕಿ ನೋಡಿ ಡಾಕ್ಟರ್ ಔಷಧಿ ಬದಲಿಸುವುದಿಲ್ಲ. ಪ್ಯಾಕೇಜ್‌ನಲ್ಲಿ ಸೇರಿಸಿ ಮಾರಲು ಬಂದರೆ ಆ ದುಡ್ಡಿಗೆ ಮೊಟ್ಟೆ ತಗೊಳ್ಳಿ.

ಎಲೆಅಡಿಕೆಗೂ ಇದಕ್ಕೂ ಏನಾದ್ರೂ ಸಂಬಂಧ ಇದೆಯಾ? ಅಜ್ಜಿ ಹೊಗೆಸೊಪ್ಪು ಬಿಟ್ಟಿದ್ದಾರೆ, ಬರೀ ಅಡಿಕೆ, ಸುಣ್ಣ.

ಇದೆ, ನೇರವಾಗಿಯೇ ಇದೆ. ಅಡಿಕೆಯ ಒಗರು ಅಂಶಕ್ಕೆ ಸುಣ್ಣ ಸೇರಿದಾಗ ಬಾಯಿ ಕ್ಷಾರವಾಗುತ್ತದೆ. ಆಗ ಆ ಒಗರು ತಾನಾಗೇ ಆಮ್ಲಜನಕದ ಜೊತೆ ಸೇರಿ, ಮೇಲೆ ಹೇಳಿದ ಕಿಡಿಗಳನ್ನೇ ಬಾಯೊಳಗೆ ಹುಟ್ಟಿಸುತ್ತದೆ. ಜಗಿದಷ್ಟು ಹೊತ್ತೂ ಕೆನ್ನೆಯ ಒಳಚರ್ಮಕ್ಕೆ ಅದು ತಗಲುತ್ತಿರುತ್ತದೆ. ನಮ್ಮ ಕಡೆ ಕಡ್ಡಿಪುಡಿಯ, ಅಂದರೆ ಹೊಗೆಸೊಪ್ಪಿನ ಪುಡಿಯ, ಉಂಡೆಯನ್ನು ಕೆನ್ನೆಯಲ್ಲಿಟ್ಟುಕೊಂಡೇ ನಿದ್ದೆ ಹೋಗುವ ಹೆಂಗಸರಿದ್ದಾರೆ. ಹುಣ್ಣು ಏಳುವುದೂ ಸಾಮಾನ್ಯವಾಗಿ ಉಂಡೆ ಇಟ್ಟುಕೊಂಡ ಅದೇ ಜಾಗದಲ್ಲಿ.

ಹೊಗೆಸೊಪ್ಪು ಇಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮೊದಲ ಗುಂಪಿಗೆ ಸೇರಿಸಿದ್ದು 2004ರಲ್ಲಿ. ಗುಬ್ಬಿ, ತುರುವೇಕೆರೆ ಕಡೆಯ ತೋಟದವರಿಗೆ ಈ ಮಾತು ಕಹಿ. ನನ್ನ ಸೋದರಮಾವನೇ ಆ ಕಡೆಯವರು, ಈ ವಿಷಯ ಎತ್ತಿದರೆ ಇವತ್ತಿಗೂ ಎದ್ದು ಹೋಗುತ್ತಾರೆ.

ಕೀಮೋ ನಡೀತಿದೆ. ಆಂಟಿಆಕ್ಸಿಡೆಂಟ್ ಮಾತ್ರೆ ಕೊಟ್ಟರೆ ಬೇಗ ಹುಷಾರಾಗ್ತಾರಂತೆ. ಕೊಡಲಾ?

ಡಾಕ್ಟರ್ ಬರೆದುಕೊಡದೆ ಕೊಡಬೇಡಿ. ಈ ಉತ್ತರ ಸ್ವಲ್ಪ ಉದ್ದ, ಯಾಕಂದರೆ 'ಸುಮ್ನೆ ವಿಟಮಿನ್ ತಾನೇ' ಅಂತ ಎಲ್ಲರೂ ಹೇಳುತ್ತಾರೆ.

ಲೆಕ್ಕ ಸರಳವಾಗಿ ಕಾಣುತ್ತದೆ: ಕಿಡಿ ಕೆಟ್ಟದ್ದು, ಆಂಟಿಆಕ್ಸಿಡೆಂಟ್ ಕಿಡಿ ಆರಿಸುತ್ತದೆ, ಅಂದ ಮೇಲೆ ಒಳ್ಳೆಯದು. ವಿಜ್ಞಾನಿಗಳೂ ಒಂದು ಕಾಲದಲ್ಲಿ ಹಾಗೇ ಅಂದುಕೊಂಡಿದ್ದರು. ಫಿನ್‌ಲ್ಯಾಂಡ್‌ನಲ್ಲಿ ಸಿಗರೇಟಿನ ಚಟ ಇದ್ದ 29,133 ಗಂಡಸರನ್ನು ಸೇರಿಸಿ, ಕೆಲವರಿಗೆ ಬೀಟಾ ಕ್ಯಾರೋಟಿನ್ ಕೊಟ್ಟು ವರ್ಷಗಟ್ಟಲೆ ನೋಡಿದರು. 1994ರಲ್ಲಿ ಫಲಿತಾಂಶ ಬಂತು. ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇ 18ರಷ್ಟು ಜಾಸ್ತಿಯಾಗಿತ್ತು. ಅಮೆರಿಕದಲ್ಲಿ ನಡೆಯುತ್ತಿದ್ದ ಇಂಥದ್ದೇ ಇನ್ನೊಂದು ಪರೀಕ್ಷೆಯನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಆಮೇಲೆ ವಿಟಮಿನ್ ಇ ಸರದಿ. 35,000ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ಪರೀಕ್ಷೆಯಲ್ಲಿ, ಬರೀ ವಿಟಮಿನ್ ಇ ತಗೊಂಡವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಜಾಸ್ತಿ ಬಂತು ಅಂತ 2011ರಲ್ಲಿ ಗೊತ್ತಾಯಿತು.

ಇವರೆಲ್ಲ ಕ್ಯಾನ್ಸರ್ ಇಲ್ಲದವರು. ಇದ್ದವರ ಕಥೆ ನಮಗೆ ಇನ್ನೂ ಹತ್ತಿರ. ಕೆನಡಾದಲ್ಲಿ ತಲೆ-ಕುತ್ತಿಗೆ ಭಾಗದ ಕ್ಯಾನ್ಸರಿಗೆ ರೇಡಿಯೇಷನ್ ತಗೊಳ್ಳುತ್ತಿದ್ದ 540 ಜನರಲ್ಲಿ ಅರ್ಧ ಜನಕ್ಕೆ ಆಂಟಿಆಕ್ಸಿಡೆಂಟ್ ಕೊಟ್ಟು ನೋಡಿದರು. 2005ರಲ್ಲಿ ಅದರ ವರದಿ ಬಂತು. ಮಾತ್ರೆ ತಗೊಂಡವರಿಗೆ ರೇಡಿಯೇಷನ್ನಿನ ತೊಂದರೆಗಳು ಕಡಿಮೆ ಇದ್ದವು. ಕೇಳಿದರೆ ಒಳ್ಳೆಯ ಸುದ್ದಿ. ಆದರೆ ಕ್ಯಾನ್ಸರ್ ಅದೇ ಜಾಗದಲ್ಲಿ ಮರಳಿ ಬರುವುದು ಅವರಲ್ಲೇ ಜಾಸ್ತಿ ಇರುವ ಹಾಗೆ ಕಂಡಿತು. ಒಳ್ಳೆಯ ಕಣದ ಜೊತೆ ಕೆಟ್ಟ ಕಣಕ್ಕೂ ಕೊಡೆ ಹಿಡಿದಂತಾಯಿತು.

ರೇಡಿಯೇಷನ್ ಕೆಲಸ ಮಾಡುವುದೇ ಬಹುಪಾಲು ಕಿಡಿಯಿಂದ. ಕಿರಣ ಕಣದೊಳಗಿನ ನೀರನ್ನು ಒಡೆಯುತ್ತದೆ, ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ, ಅದು ಕ್ಯಾನ್ಸರ್ ಕಣದ ಡಿಎನ್‌ಎ ಮುರಿಯುತ್ತದೆ. ಕೆಲವು ಕೀಮೋ ಔಷಧಿಗಳೂ ಸ್ವಲ್ಪ ಮಟ್ಟಿಗೆ ಹೀಗೇ. ಅಂದರೆ ಡಾಕ್ಟರ್ ಬೇಕೂಂತಲೇ ಬೆಂಕಿ ಹಚ್ಚುತ್ತಿರುವಾಗ ನಾವು ಹಿಂದಿನಿಂದ ಬಿಂದಿಗೆ ನೀರು ಸುರಿದ ಹಾಗೆ. ಕ್ಯಾನ್ಸರ್ ಕಣವೂ ಸುಮ್ಮನೆ ಕೂತಿರುವುದಿಲ್ಲ. ಮೊದಲೇ ಕಿಡಿ ಜಾಸ್ತಿ ಇರುವ ಜಾಗದಲ್ಲಿ ಬದುಕುವುದರಿಂದ, ಆರಿಸುವ ಗ್ಲುಟಾಥಯೋನ್ ಅನ್ನು ತನಗೆ ಬೇಕಾದಷ್ಟು ಕೂಡಿಸಿಟ್ಟುಕೊಂಡಿರುತ್ತದೆ. ನಾವು ಇನ್ನಷ್ಟು ಕೊಡುವುದು ಬೇಡ.

ಈಗಾಗಲೇ ಕೊಡುತ್ತಿದ್ದರೆ ಗಾಬರಿ ಬೇಡ. ಡಬ್ಬ ಎತ್ತಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. 'ಬೈತಾರೆ' ಅಂತ ಮುಚ್ಚಿಡುವವರೇ ಜಾಸ್ತಿ.

ನೆಲ್ಲಿಕಾಯಿ, ನುಗ್ಗೆಸೊಪ್ಪು, ಟೊಮೆಟೊ? ಅದರಲ್ಲೂ ಆಂಟಿಆಕ್ಸಿಡೆಂಟ್ ಇದೆಯಲ್ಲ?

ಊಟದಲ್ಲಿ ತಿನ್ನಿ. ಸಾರಿಗೆ ಹಾಕಿದ ಟೊಮೆಟೊ, ಒಂದು ಹಿಡಿ ನುಗ್ಗೆಸೊಪ್ಪು, ಒಂದೆರಡು ನೆಲ್ಲಿಕಾಯಿ ಊಟ, ಔಷಧಿ ಅಲ್ಲ. ತೊಂದರೆ ಬರುವುದು ಅದನ್ನೇ ಕಾಯಿಸಿ ಇಳಿಸಿ ಗಟ್ಟಿ ಮಾಡಿ ಕ್ಯಾಪ್ಸೂಲ್‌ಗೆ ತುಂಬಿ, ದಿನಕ್ಕೆ ಮೂರು ನುಂಗಿ ಅಂದಾಗ. ಬಿಳಿ ರಕ್ತಕಣ ತುಂಬಾ ಇಳಿದಿರುವ ದಿನಗಳಲ್ಲಿ ಹಸಿಯಾಗಿ ತಿನ್ನುವುದನ್ನು ಚೆನ್ನಾಗಿ ತೊಳೆದೇ ಕೊಡಿ, ಬೇಯಿಸಿದರೆ ಇನ್ನೂ ವಾಸಿ.

ಬೇರೆಲ್ಲ ಕಡಿಮೆ ಇದೆ, ಟ್ರೈಗ್ಲಿಸರೈಡ್ ಒಂದೇ ಯಾಕೆ ಜಾಸ್ತಿ? ಎಣ್ಣೆ ಮುಟ್ಟೇ ಇಲ್ಲ ನಾವು.

ನಂಬುತ್ತೇನೆ. ಟ್ರೈಗ್ಲಿಸರೈಡ್ ಅಂದರೆ ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು. ರಕ್ತದ ಟ್ರೈಗ್ಲಿಸರೈಡನ್ನು ಬಿಡಿಸಿ ಮೈಗೆ ಒಪ್ಪಿಸುವ ಕಿಣ್ವಕ್ಕೆ ಲೈಪೊಪ್ರೋಟೀನ್ ಲೈಪೇಸ್ ಅಂತ ಹೆಸರು. ಕ್ಯಾನ್ಸರಿನ ಉರಿಯೂತದಲ್ಲಿ ಅದರ ಕೆಲಸ ಕುಂಠಿತವಾಗುತ್ತದೆ. ಮತ್ತೊಂದು ಕಡೆ ಮೈ ತನ್ನ ಸ್ವಂತ ಕೊಬ್ಬನ್ನೇ ಕರಗಿಸಿ ರಕ್ತಕ್ಕೆ ಬಿಡುತ್ತಿರುತ್ತದೆ. ಹಾಗಾಗಿ ಸೊರಗಿ ಹೋದವರಲ್ಲೂ ಟ್ರೈಗ್ಲಿಸರೈಡ್ ಏರಬಹುದು. ಔಷಧಿಗಳೂ ಕಾರಣ. ಸ್ತನ ಕ್ಯಾನ್ಸರಿಗೆ ಕೊಡುವ ಟ್ಯಾಮಾಕ್ಸಿಫೆನ್ ಎಲ್‌ಡಿಎಲ್ ಇಳಿಸುತ್ತದೆ, ಟ್ರೈಗ್ಲಿಸರೈಡ್ ಏರಿಸುತ್ತದೆ. ಕ್ಯಾಪೆಸಿಟಾಬಿನ್ ಅನ್ನುವ ಕೀಮೋ ಮಾತ್ರೆಯೂ ಕೆಲವರಲ್ಲಿ ಏರಿಸುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿನ ಹಾರ್ಮೋನ್ ಇಂಜೆಕ್ಷನ್ನಿನಿಂದ ಕೊಲೆಸ್ಟ್ರಾಲೂ ಏರುತ್ತದೆ. ಮಕ್ಕಳ ರಕ್ತ ಕ್ಯಾನ್ಸರಿಗೆ ಆಸ್ಪರಾಜಿನೇಸ್ ಮತ್ತು ಸ್ಟೀರಾಯ್ಡ್ ಒಟ್ಟಿಗೆ ಕೊಟ್ಟಾಗಂತೂ ಕೆಲವೊಮ್ಮೆ ಸಾವಿರದ ಮೇಲೆ ಹೋಗುತ್ತದೆ.

ಅಂಥ ಒಂದು ಟ್ಯೂಬ್ ನನಗೆ ಇನ್ನೂ ನೆನಪಿದೆ. ಆಗ ಬೇರೊಂದು ಲ್ಯಾಬ್‌ನಲ್ಲಿದ್ದೆ. ಆರು ವರ್ಷದ ಹುಡುಗನ ರಕ್ತದ ಟ್ಯೂಬನ್ನು ಮೆಷಿನ್ನಿನಲ್ಲಿ ಗಿರ್ರನೆ ತಿರುಗಿಸಿ ನಿಲ್ಲಿಸಿದರೆ ಮೇಲೆ ತಿಳಿ ಹಳದಿ ನೀರು ನಿಲ್ಲಬೇಕು. ನಿಂತದ್ದು ಹಾಲು. ನಂದಿನಿ ಪ್ಯಾಕೆಟ್ಟಿನಿಂದ ಬಗ್ಗಿಸಿದ ಹಾಗಿತ್ತು. ಇಂಥ ರಕ್ತದಲ್ಲಿ ಮೆಷಿನ್ ಮೋಸ ಹೋಗುತ್ತದೆ. ಹಿಮೋಗ್ಲೋಬಿನ್ ಅಳೆಯುವುದು ಬೆಳಕು ಹಾಯಿಸಿ. ಕೊಬ್ಬು ಬೆಳಕನ್ನು ತಡೆದರೆ ಹಿಮೋಗ್ಲೋಬಿನ್ ಇಲ್ಲದಿದ್ದರೂ ಇದೆ ಅಂತ ತೋರಿಸುತ್ತದೆ. ಬಣ್ಣಗೆಟ್ಟಿದ್ದ ಆ ಹುಡುಗನಿಗೆ 13 ಅಂತ ರಿಪೋರ್ಟ್ ಹೋಗಿಬಿಟ್ಟಿತ್ತು. ಹಿಮೋಗ್ಲೋಬಿನ್ನಿನ ಮೂರು ಪಟ್ಟು ಪಿಸಿವಿಗೆ (ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇಕಡಾ ಎಷ್ಟು ಅನ್ನುವ ಅಂಕಿ) ಹತ್ತಿರ ಇರಬೇಕು ಅನ್ನುವ ಕಿರುಲೆಕ್ಕವನ್ನು ಅವತ್ತು ನಾನೂ ಮಾಡಲಿಲ್ಲ. ವಾರ್ಡಿನ ನರ್ಸ್ ಫೋನ್ ಮಾಡಿ 'ಮಗು ನೋಡಿದ್ರೆ ಹಾಗನ್ನಿಸಲ್ಲ' ಅಂದದ್ದಕ್ಕೆ ಸರಿಹೋಯಿತು.

ಟ್ರೈಗ್ಲಿಸರೈಡ್ 500 ದಾಟಿದ್ದರೆ ಡಾಕ್ಟರಿಗೆ ಅವತ್ತೇ ತಿಳಿಸಿ. 1000 ದಾಟಿದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯ ಇದೆ. ಹೊಟ್ಟೆಯ ಮೇಲ್ಭಾಗದಲ್ಲಿ ಜೋರು ನೋವು ಬಂದು ಬೆನ್ನಿಗೆ ಹಾಯ್ದರೆ, ವಾಂತಿ ಇದ್ದರೆ ಬೆಳಗಾಗುವ ತನಕ ಕಾಯಬೇಡಿ.

ಎಲ್‌ಡಿಎಲ್ 52 ಬಂದಿದೆ. ತುಂಬಾ ಚೆನ್ನಾಗಿದೆ ಅಂತ ಮೆಡಿಕಲ್ ಶಾಪಿನವರು ಹೇಳಿದ್ರು.

ಅದು ಅಳೆದದ್ದಾ, ಲೆಕ್ಕ ಹಾಕಿದ್ದಾ ನೋಡಿ. ಎಷ್ಟೋ ಲ್ಯಾಬ್‌ಗಳಲ್ಲಿ ಒಟ್ಟು ಕೊಲೆಸ್ಟ್ರಾಲಿನಿಂದ 'ಒಳ್ಳೆಯ ಕೊಲೆಸ್ಟ್ರಾಲ್' ಅನ್ನಿಸಿಕೊಂಡ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆದು ಬರೆಯುತ್ತಾರೆ. 1972ರಿಂದ ಬಂದ ಸೂತ್ರ. ನಿಮ್ಮ ರಿಪೋರ್ಟ್‌ನಲ್ಲಿ ಒಟ್ಟು 160, ಎಚ್‌ಡಿಎಲ್ 24, ಟ್ರೈಗ್ಲಿಸರೈಡ್ 420 ಇದ್ದರೆ ಲೆಕ್ಕಕ್ಕೆ 52 ಸಿಗುತ್ತದೆ. ಆದರೆ ಟ್ರೈಗ್ಲಿಸರೈಡ್ 400 ದಾಟಿದ ಮೇಲೆ ಆ ಸೂತ್ರವನ್ನು ಬಳಸಲೇಬಾರದು. ಹಾಗಾಗಿ ಆ 52ಕ್ಕೆ ಬೆಲೆ ಇಲ್ಲ. ನೇರವಾಗಿ ಅಳೆಯುವ ಪರೀಕ್ಷೆ ಇದೆ, ಕೇಳಿ ಮಾಡಿಸಿ. ಎಚ್‌ಡಿಎಲ್ 24 ಬಂದದ್ದಕ್ಕೆ ವಾಕಿಂಗ್ ಮಾಡದ್ದೇ ಕಾರಣ ಅಂತ ರೋಗಿಯನ್ನು ದೂರಬೇಡಿ. ಉರಿಯೂತದಲ್ಲಿ ಅದು ಇಳಿಯುತ್ತದೆ. ಚಿಕಿತ್ಸೆ ಹಿಡಿದ ಮೇಲೆ, ಅದರಲ್ಲೂ ರಕ್ತದ ಕ್ಯಾನ್ಸರ್‌ಗಳಲ್ಲಿ, ಮತ್ತೆ ಮೇಲೇರುವುದನ್ನು ನೋಡಿದ್ದೇನೆ.

ಖಾಲಿ ಹೊಟ್ಟೆಯಲ್ಲೇ ಬರಬೇಕಾ?

ಮೊದಲ ಸಲಕ್ಕೆ ಬೇಕಿಲ್ಲ. ಟ್ರೈಗ್ಲಿಸರೈಡ್ ಜಾಸ್ತಿ ಬಂದರೆ ಆಗ ಖಾಲಿ ಹೊಟ್ಟೆಯಲ್ಲಿ ಮತ್ತೊಮ್ಮೆ. ಊಟವೇ ಸೇರದವರನ್ನು 12 ಗಂಟೆ ಉಪವಾಸ ಕೆಡವಿ, ಮುಳಬಾಗಿಲಿನಿಂದ ಬೆಳಗಿನ ಬಸ್ಸಿಗೆ ಹತ್ತಿಸಿ ಕರೆತರುವುದನ್ನು ನೋಡಿದರೆ ಸಂಕಟವಾಗುತ್ತದೆ.

ಕಣ್ಣು ಹಳದಿ, ಕೊಲೆಸ್ಟ್ರಾಲ್ 380. ಕ್ಯಾನ್ಸರಲ್ಲಿ ಕಡಿಮೆ ಆಗುತ್ತೆ ಅಂದ್ರಲ್ಲ?

ಪಿತ್ತದ ದಾರಿ ಕಟ್ಟಿಕೊಂಡಿರಬಹುದು. ಪಿತ್ತದ ಜೊತೆ ಹೊರಗೆ ಹೋಗಬೇಕಾದ ಕೊಲೆಸ್ಟ್ರಾಲ್ ರಕ್ತಕ್ಕೇ ವಾಪಸ್ ಬರುತ್ತದೆ. ದಾರಿ ಬಿಡಿಸಿದರೆ ತಾನಾಗೇ ಇಳಿಯುತ್ತದೆ. ಎಣ್ಣೆ ಬಿಟ್ಟು ಮನೆಯಲ್ಲಿ ಕೂರುವ ವಿಷಯ ಇದಲ್ಲ, ಬೇಗ ಡಾಕ್ಟರ್ ಹತ್ತಿರ ಹೋಗಿ.

ತುಪ್ಪ, ಎಣ್ಣೆ, ಮೊಟ್ಟೆ ಎಲ್ಲ ಬಿಡಿಸಿದ್ದೇವೆ. ಸರಿ ತಾನೇ?

ಯಾಕೆ ಬಿಡಿಸಿದಿರಿ ಅಂದರೆ 'ನಂಜು' ಅನ್ನುತ್ತಾರೆ. ಮೊಟ್ಟೆ ನಂಜು, ಅವರೆಕಾಳು ನಂಜು, ಬದನೆಕಾಯಿ ನಂಜು. ಕೊನೆಗೆ ತಟ್ಟೆಯಲ್ಲಿ ಉಳಿಯುವುದು ತಿಳಿಸಾರು, ಅನ್ನ. ಅದರಲ್ಲಿ ತೂಕ ನಿಲ್ಲುವುದಿಲ್ಲ.

ಚಿಕಿತ್ಸೆಯಲ್ಲಿರುವವರಿಗೆ ದಿನಕ್ಕೆ ಮೈತೂಕದ ಕಿಲೋಗೆ 25ರಿಂದ 30 ಕ್ಯಾಲೊರಿ, 1ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 50 ಕಿಲೋ ಇರುವ ಅತ್ತೆಗೆ 50ರಿಂದ 75 ಗ್ರಾಂ ಪ್ರೋಟೀನ್. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ನೂರು ಗ್ರಾಂ ಕಡಲೆಕಾಯಿಬೀಜದಲ್ಲಿ ಸುಮಾರು 25 ಗ್ರಾಂ. ಲೆಕ್ಕ ಹಾಕಿ ನೋಡಿ, ತಿಳಿಸಾರು ಎಲ್ಲಿಗೂ ಸಾಲುವುದಿಲ್ಲ.

ಮುದ್ದೆ ಜಗಿಯುವ ಕೆಲಸ ಇಲ್ಲ, ನುಂಗಿದರೆ ಆಯಿತು, ಅದೊಂದು ಅನುಕೂಲ. ರೇಡಿಯೇಷನ್ ಆಗಿ ಬಾಯಿ ಒಣಗಿದವರಿಗೆ ಮುದ್ದೆಯೂ ಗಂಟಲಲ್ಲಿ ನಿಲ್ಲುತ್ತದೆ. ಅಂಥವರಿಗೆ ರಾಗಿ ಗಂಜಿ ಮಾಡಿ ಹಾಲು, ಒಂದು ಚಮಚ ತುಪ್ಪ, ನುಣ್ಣಗೆ ಪುಡಿ ಮಾಡಿದ ಕಡಲೆಕಾಯಿಬೀಜ ಸೇರಿಸಿ. ಬಸ್ಸಾರಿನ ಖಾರ ಹುಣ್ಣಿಗೆ ಉರಿಯುತ್ತದೆ. ಖಾರ ಹಾಕದ ಮಸ್ಸೊಪ್ಪು ಆದೀತು. ಟ್ರೈಗ್ಲಿಸರೈಡ್ ತುಂಬಾ ಏರಿರುವವರು, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿಕೊಂಡು ಈ ಲೆಕ್ಕ ಹಾಕಿ.

ಹೃದಯಕ್ಕೆ ಅಂತ ಮೊದಲಿಂದ ಸ್ಟ್ಯಾಟಿನ್ ತಗೊಳ್ತಿದ್ದಾರೆ. ಈಗ ನಿಲ್ಲಿಸಲಾ?

ನೀವಾಗೇ ನಿಲ್ಲಿಸಬೇಡಿ. ಆದರೆ ಕ್ಯಾನ್ಸರ್ ಡಾಕ್ಟರಿಗೆ ಹೇಳಿ. ಉದಾಹರಣೆಗೆ ಇಮಾಟಿನಿಬ್ ಅನ್ನುವ ಕ್ಯಾನ್ಸರ್ ಮಾತ್ರೆಯ ಜೊತೆ ಸಿಮ್ವಾಸ್ಟ್ಯಾಟಿನ್ ಅನ್ನುವ ಸ್ಟ್ಯಾಟಿನ್ ತಗೊಂಡರೆ ರಕ್ತದಲ್ಲಿ ಸಿಮ್ವಾಸ್ಟ್ಯಾಟಿನ್ ಏರುತ್ತದೆ, ಮಾಂಸಖಂಡ ನೋಯಬಹುದು. ನಮ್ಮ ಕಡೆಯವರಿಗೆ ಇನ್ನೊಂದು ಮಾತು: ದೇವನಹಳ್ಳಿ ಚಕ್ಕೋತ. ಔಷಧಿ ಚೀಟಿಗಳಲ್ಲಿ 'ಗ್ರೇಪ್‌ಫ್ರೂಟ್ ಬೇಡ' ಅಂತ ಬರೆದಿರುತ್ತದೆ. ಅದು ಯಾವುದೋ ವಿದೇಶಿ ಹಣ್ಣು ಅಂತ ನಾವು ಬಿಟ್ಟುಬಿಡುತ್ತೇವೆ. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ, ಔಷಧಿಗೆ ಅಡ್ಡ ಬರುವ ಅಂಶ ಚಕ್ಕೋತದಲ್ಲೂ ಇದೆ. ಚೀಟಿಯಲ್ಲಿ ಹಾಗಿದ್ದರೆ ಚಿಕಿತ್ಸೆ ಮುಗಿಯುವ ತನಕ ಇದನ್ನೂ ಬಿಡಿ.

ಬೆಂಗಳೂರಿನ ಕಿದ್ವಾಯಿಗೆ ಹೋಗ್ತಿದ್ದೇವೆ. ಯಾವ್ಯಾವ ರಿಪೋರ್ಟ್ ತಗೊಂಡು ಹೋಗಬೇಕು?

ಎಲ್ಲಾ. ಕಾಯಿಲೆ ಗೊತ್ತಾಗುವ ಮೊದಲಿನ ಶುಗರ್, ಕೊಲೆಸ್ಟ್ರಾಲ್ ರಿಪೋರ್ಟ್ ಸಿಕ್ಕರೆ ಅದನ್ನೂ. ಎರಡು ವರ್ಷದ ಹಿಂದೆ 190 ಇದ್ದದ್ದು ಈಗ 118 ಆಗಿದೆ ಅನ್ನುವುದು ಬರೀ 118 ಅನ್ನುವುದಕ್ಕಿಂತ ಜಾಸ್ತಿ ಹೇಳುತ್ತದೆ. ಒಂದು ಹಾಳೆಯಲ್ಲಿ ತಿಂಗಳು ತಿಂಗಳಿನ ತೂಕ ಬರೆದಿಡಿ, ಒಂದೇ ತಕ್ಕಡಿಯಲ್ಲಿ ನೋಡಿದ್ದಾಗಿರಲಿ. ತಗೊಳ್ಳುವ ಮಾತ್ರೆ, ಕಷಾಯ, ಪುಡಿ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಳ್ಳಿ. ಕೆಂಪು ಬಣ್ಣದ ಕೀಮೋ, ಅಂದರೆ ಡಾಕ್ಸೊರುಬಿಸಿನ್, ಆಗಿದ್ದರೆ ಹಳೆಯ ಎಕೋ, ಇಸಿಜಿ ಖಂಡಿತ ಬೇಕು, ಆ ಔಷಧಿ ಹೃದಯಕ್ಕೆ ತೊಂದರೆ ಕೊಡಬಹುದು. ಇಸಿಜಿ ಚೀಟಿ ಹಾಳಾಗದಿರಲಿ ಅಂತ ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಬಿಸಿ ತಗಲಿದರೆ ಆ ಕಾಗದ ಪೂರ್ತಿ ಕಪ್ಪಾಗುತ್ತದೆ. ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.